ಆಂಟ್‌ವರ್ಪ್ ದಾರಿಯಲ್ಲಿ ಬೆಳಗಾವಿಯ ಓಟಗಾರ

ಮಕ್ಕಳಿಗೆ ಫ್ರೆಂಚ್ ಕಲಿಸಲು ಆಟದ ಬಯಲೇ ತಕ್ಕ ಜಾಗ ಎಂಬ ವಾದಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಆಧಾರವಿದೆ. 1920ರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾದರು. ಅಂದಿನ ದೂರ 42.75 ಕಿ.ಮೀ., ಇಂದಿನದಕ್ಕಿಂತಲೂ ಹೆಚ್ಚು. ಭಾರತದಿಂದ ಒಲಿಂಪಿಕ್ಸ್‌ಗೆ ತಂಡ ಹೋದದ್ದೇ ಅದು ಮೊದಲು. ಆ ತಂಡದಲ್ಲಿ ನಮ್ಮ ನೆಲದವನೊಬ್ಬನಿದ್ದನೆಂಬುದು ಇಲ್ಲಿನ ಪ್ರತಿ ಮಗುವಿಗೂ ತಿಳಿದಿರಬೇಕು. ಒಲಿಂಪಿಕ್ಸ್ ಕೂಟವನ್ನು ಮತ್ತೆ ಕಟ್ಟಿದ ಫ್ರಾನ್ಸಿನ ಪಿಯರ್ ದ ಕೂಬರ್ತಾಂ 1894ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಒಲಿಂಪಿಕ್ ಸಮಿತಿ ಸ್ಥಾಪಿಸಿದರು. ಅವರ ಮೂಲ ಕಾಳಜಿ ಶಿಕ್ಷಣ. ಇಂದಿಗೂ ಒಲಿಂಪಿಕ್ಸ್‌ನ ಅಧಿಕೃತ ಭಾಷೆಗಳಲ್ಲಿ ಫ್ರೆಂಚ್ ಒಂದು. ಕತ್ತಿವರಸೆಯ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತೀರ್ಪುಗಾರರ ಆದೇಶಗಳೂ ಫ್ರೆಂಚಿನಲ್ಲೇ.

ಯರಗಟ್ಟಿ, ಸವದತ್ತಿ, ಬೈಲಹೊಂಗಲ ಸೀಮೆಗೆ ಆಡುತ್ತಲೇ ಕಲಿಯುವ ಈ ಕ್ರಮ ಹೊಸದಲ್ಲ. ಗರಡಿಮನೆಯಲ್ಲಿ ಹುಡುಗ ಪಟ್ಟಿನ ಹೆಸರನ್ನು ಪಾಟಿಯ ಮೇಲೆ ಬರೆದು ಕಲಿಯಲಿಲ್ಲ. ಪಟ್ಟು ಹಾಕುತ್ತ, ಬಿಡಿಸಿಕೊಳ್ಳುತ್ತ ಕಲಿತ. ಊಟ, ನಿದ್ದೆ, ಸಾಮುಗಳ ಶಿಸ್ತೂ ಅದರೊಂದಿಗೇ ಮೈಗೂಡಿತು. ಆಟದ ಹತ್ತಾರು ಫ್ರೆಂಚ್ ಆದೇಶಗಳಿಂದ ಭಾಷೆ ಬಂದೀತೇ ಎಂದು ಕೇಳುವವರಿದ್ದಾರೆ. ಬಾರದು, ನಿಜ; ವ್ಯಾಕರಣಕ್ಕೆ ಗುರು, ಓದು ಎರಡೂ ಬೇಕು. ಆದರೆ ಕಿವಿ ಪಳಗುವುದು, ನಾಲಿಗೆಯ ಅಂಜಿಕೆ ಬಿಡುವುದು ಮೊದಲ ಕೆಲಸ. ಕನ್ನಡ, ಇಂಗ್ಲಿಷ್, ಹಿಂದಿಗಳ ಮೇಲೆ ನಾಲ್ಕನೆಯ ಹೊರೆಯೇಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪರೀಕ್ಷೆಯ ವಿಷಯವಾದರೆ ಅದು ಹೊರೆಯೇ. ಹಾಗಾಗಿ ಇದು ಅಂಕಗಳಿಲ್ಲದೆ, ಸಂಜೆಯ ಆಟದ ಹೊತ್ತಿನಲ್ಲೇ ನಡೆಯಬೇಕು. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾಶಾಲೆಯೇ ಇದೆ. ಮೊದಲ ಪ್ರಯತ್ನಕ್ಕೆ ಅಂಥ ಅಂಗಳವೇ ಸರಿ.