ಮೇಣದ ಒಡಲು, ಮಣ್ಣಿನ ಅಚ್ಚು

ಮೊದಲು ಜೇಡಿಮಣ್ಣನ್ನು ಹದವಾಗಿ ಕಲಸಿಕೊಳ್ಳಬೇಕು. ಆಳೆತ್ತರಕ್ಕಿಂತ ಎರಡು ಪಟ್ಟು ಉದ್ದದ ಮರದ ತೊಟ್ಟಿಯಲ್ಲಿ ಅದನ್ನು ತುಂಬಿ, ನಡುವೆ ಹಡಗಿನ ಹೊಟ್ಟೆಯ ಆಕಾರದ ಕುಳಿ ತೆಗೆಯಬೇಕು. ಮರದ ತೆಳು ಪಟ್ಟಿಗಳ ಮೇಲೆ ಬಟ್ಟೆ ಬಿಗಿದು ಮಾಡಿದ, ತುಸು ಚಿಕ್ಕದಾದ ಇನ್ನೊಂದು ಒಡಲನ್ನು ಆ ಕುಳಿಯೊಳಗೆ ಇಳಿಬಿಡಬೇಕು. ಅದಕ್ಕೂ ಮಣ್ಣಿಗೂ ನಡುವೆ ಸುತ್ತಲೂ ಸುಮಾರು ಒಂದು ಅಂಗುಲದ ಸಂದು ಉಳಿದಿರಬೇಕು. ಕರಗಿಸಿದ ಪ್ಯಾರಾಫಿನ್ ಮೇಣವನ್ನು ಆ ಸಂದಿಗೆ ಹೊಯ್ದು ಆರಲು ಬಿಟ್ಟರೆ, ಒಳಗಿನ ಚೌಕಟ್ಟನ್ನು ತೆಗೆದ ಮೇಲೆ ಸಿಗುವುದು ಒರಟು ಮೈಯ ಒಂದು ಮೇಣದ ದೋಣಿ. 1870ರ ದಶಕದಲ್ಲಿ ಇಂಗ್ಲೆಂಡಿನ ತೆಂಕಣ ಕರಾವಳಿಯ ಟಾರ್ಕೀ ಊರಿನಲ್ಲಿ, ವಿಲಿಯಂ ಫ್ರೂಡ್ ಎಂಬಾತನ ಮನೆಯ ಪಕ್ಕದ ಕಟ್ಟಡದಲ್ಲಿ, ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆಗಳು ಹೀಗೆ ಮೇಣದಲ್ಲಿ ಮೊದಲ ಸಲ ಮೈತಳೆಯುತ್ತಿದ್ದವು.

ಪಂಚಲೋಹದ ಮೂರ್ತಿ ಎರೆಯುವವರಿಗೆ ಮೇಣವೆಂದರೆ ಕರಗಿ ಹೋಗಬೇಕಾದ ವಸ್ತು. ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಫ್ರೂಡ್‌ನ ಕಸುಬಿನಲ್ಲಿ ಮಣ್ಣಿನಿಂದ ಎದ್ದು ಬಂದ ಮೇಣವೇ ನೀರಿಗಿಳಿಯುತ್ತಿತ್ತು. ಇಂದು ಜಲಾಂತರ್ಗಾಮಿಯ ಮಾದರಿ ಮಾಡುವವರು ಫೈಬರ್‌ಗ್ಲಾಸ್ ಅಚ್ಚಿನ ಮುಂದೆ ಕೂತು ಪಡುವ ಪಾಡಿನ ಬೇರು ಈ ಮಣ್ಣಿನ ಕುಳಿಯಲ್ಲಿದೆ.

1810ರಲ್ಲಿ ಹುಟ್ಟಿದ ಫ್ರೂಡ್ ಮೂಲತಃ ರೈಲ್ವೆ ಎಂಜಿನಿಯರ್. ಬ್ರಿಸ್ಟಲ್‌ನಿಂದ ಎಕ್ಸಿಟರ್‌ಗೆ ಹೋಗುವ ರೈಲುದಾರಿಯ ಕೆಲಸದಲ್ಲಿ ಹೆಸರಾಂತ ಎಂಜಿನಿಯರ್ ಬ್ರೂನೆಲ್‌ನ ಕೈಕೆಳಗೆ ದುಡಿದವನು. ‘ಗ್ರೇಟ್ ಈಸ್ಟರ್ನ್’ ಎಂಬ ಭಾರಿ ಹಡಗನ್ನು ಕಟ್ಟುತ್ತಿದ್ದ ಬ್ರೂನೆಲ್, ಅದು ಅಲೆಗಳ ಮೇಲೆ ಎಷ್ಟು ಹೊಯ್ದಾಡೀತು ಎಂದು ಲೆಕ್ಕ ಹಾಕಿಕೊಡಲು ಇವನನ್ನು ಕೇಳಿದ. ಅಲ್ಲಿಂದ ಫ್ರೂಡ್‌ನ ಗಮನವೆಲ್ಲ ನೀರಿನ ಕಡೆಗೆ ಹೊರಳಿತು. ಆಗ ಹಡಗು ಕಟ್ಟುವವರನ್ನು ಕಾಡುತ್ತಿದ್ದುದು ಇನ್ನೂ ದೊಡ್ಡ ಪ್ರಶ್ನೆ: ಇಂಥ ಆಕಾರದ ಹಡಗು ಇಂಥ ವೇಗದಲ್ಲಿ ಹೋಗಬೇಕಾದರೆ ಎಷ್ಟು ಬಲದ ಎಂಜಿನ್ ಬೇಕು? ಹಡಗು ಕಟ್ಟಿ, ದುಡ್ಡೆಲ್ಲ ಸುರಿದು, ನೀರಿಗಿಳಿಸಿದ ಮೇಲಷ್ಟೇ ಉತ್ತರ ಗೊತ್ತಾಗುತ್ತಿತ್ತು. ಚಿಕ್ಕ ಮಾದರಿಗಳನ್ನು ನೀರಿನಲ್ಲಿ ಎಳೆದು ನೋಡಿದವರು ಮೊದಲೂ ಇದ್ದರು. ಆದರೆ ಚಿಕ್ಕದರಲ್ಲಿ ಕಂಡದ್ದನ್ನು ದೊಡ್ಡದಕ್ಕೆ ಹೇಗೆ ಹಿಗ್ಗಿಸಬೇಕೆಂಬ ಲೆಕ್ಕ ಯಾರ ಕೈಗೂ ಸಿಕ್ಕಿರಲಿಲ್ಲ.

1867ರಲ್ಲಿ ಫ್ರೂಡ್ ಡಾರ್ಟ್ ನದಿಗೆ ಎರಡು ಬಗೆಯ ಮಾದರಿಗಳನ್ನು ಇಳಿಸಿದ. ಒಂದು ಚೂಪು ಮೂತಿಯ ‘ರೇವನ್’, ಇನ್ನೊಂದು ಮೊಂಡು ತುದಿಗಳ ‘ಸ್ವಾನ್’. ಪ್ರತಿಯೊಂದೂ ಮೂರು, ಆರು, ಹನ್ನೆರಡು ಅಡಿಗಳ ಮೂರು ಅಳತೆಗಳಲ್ಲಿ. ಚೂಪಾದದ್ದೇ ಗೆಲ್ಲುತ್ತದೆ ಎಂಬುದು ಆ ಕಾಲದ ತಿಳಿವಳಿಕೆ. ವೇಗ ಹೆಚ್ಚಿಸಿದಾಗ ಕಡಿಮೆ ಎಳೆತಕ್ಕೆ ಓಡಿದ್ದು ಮೊಂಡು ಮೈಯ ಸ್ವಾನ್! ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಫ್ರೂಡ್‌ನ ಕಣ್ಣಿಗೆ ಬಿತ್ತು. ಚಿಕ್ಕ ಮಾದರಿಯನ್ನು ಒಂದು ನಿರ್ದಿಷ್ಟ ವೇಗದಲ್ಲಿ ಎಳೆದರೆ ಅದರ ಪಕ್ಕದಲ್ಲಿ ಏಳುವ ಅಲೆಗಳು ದೊಡ್ಡ ಮಾದರಿಯ ಅಲೆಗಳ ಪಡಿಯಚ್ಚಿನಂತೆಯೇ ಇರುತ್ತಿದ್ದವು. ಆ ವೇಗ ಯಾವುದೆಂದರೆ, ಉದ್ದದ ವರ್ಗಮೂಲಕ್ಕೆ ಅನುಗುಣವಾದದ್ದು.

ಒಂದು ಲೆಕ್ಕ ಹಾಕಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. 300 ಅಡಿಯ ಹಡಗಿಗೆ 12 ಅಡಿಯ ಮಾದರಿ ಮಾಡಿದರೆ ಅದು ಇಪ್ಪತ್ತೈದನೆಯ ಒಂದು ಪಾಲು. 25ರ ವರ್ಗಮೂಲ 5. ಹಡಗು 20 ನಾಟ್ ವೇಗದಲ್ಲಿ ಎಬ್ಬಿಸುವ ಅಲೆಯನ್ನು ನೋಡಬೇಕಾದರೆ ಮಾದರಿಯನ್ನು 4 ನಾಟ್‌ನಲ್ಲಿ ಎಳೆದರೆ ಸಾಕು. ಆಗ ಅಲೆ ಎಬ್ಬಿಸಲು ಮಾದರಿಗೆ ಬೇಕಾದ ಬಲವನ್ನು 25ರ ಘನದಿಂದ, ಅಂದರೆ 15,625ರಿಂದ ಗುಣಿಸಿದರೆ ಹಡಗಿನ ಬಲ ಸಿಗುತ್ತದೆ. ನೀರು ಮೈಗೆ ಉಜ್ಜುವ ಘರ್ಷಣೆ ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅದಕ್ಕಾಗಿ ಫ್ರೂಡ್ ಬೇರೆಯೇ ದಾರಿ ಹಿಡಿದ. ಉದ್ದುದ್ದ ಹಲಗೆಗಳಿಗೆ ವಾರ್ನಿಷ್, ಮೇಣ, ತವರದ ಹಾಳೆ, ಬಟ್ಟೆ, ಮರಳು ಹೀಗೆ ಬಗೆಬಗೆಯ ಹೊದಿಕೆ ಕೊಟ್ಟು ನೀರಿನಲ್ಲಿ ಎಳೆದು, ಯಾವ ಮೈ ಎಷ್ಟು ತಡೆಯುತ್ತದೆಂದು ಅಳೆದಿಟ್ಟ. ಮುಂದೆ ಜಲಾಂತರ್ಗಾಮಿಯ ಕಥೆ ಬಂದಾಗ ಈ ಹಲಗೆಗಳ ಬೆಲೆ ಗೊತ್ತಾಗುತ್ತದೆ.

ಆ ಕಾಲದ ಹೆಸರಾಂತ ನೌಕಾಶಿಲ್ಪಿ ಸ್ಕಾಟ್ ರಸೆಲ್‌ನಂಥವರು ಇದನ್ನು ಒಪ್ಪಲಿಲ್ಲ. ಮಾದರಿಗಳನ್ನು ನಂಬಬಾರದು, ಪೂರ್ಣಗಾತ್ರದ ಹಡಗುಗಳನ್ನೇ ಎಳೆದು ನೋಡಬೇಕು ಎಂಬ ಅಭಿಪ್ರಾಯ ಬಲವಾಗಿತ್ತು. ಆದರೂ 1870ರಲ್ಲಿ ನೌಕಾ ಇಲಾಖೆ 2,000 ಪೌಂಡ್ ಮಂಜೂರು ಮಾಡಿತು. ಫ್ರೂಡ್ ತನಗಾಗಿ ಸಂಬಳ ಕೇಳಲಿಲ್ಲ. ಮನೆಯ ಪಕ್ಕದಲ್ಲೇ 278 ಅಡಿ ಉದ್ದ, 36 ಅಡಿ ಅಗಲ, 10 ಅಡಿ ಆಳದ ತೊಟ್ಟಿ ಕಟ್ಟಿಸಿದ. ಮೇಲೆ ಹಳಿ, ಹಳಿಯಲ್ಲಿ ಓಡುವ ಗಾಡಿ, ಗಾಡಿಯ ಕೆಳಗೆ ಮೇಣದ ಹಡಗು, ಎಳೆತ ಎಷ್ಟೆಂದು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುವ ಉಪಕರಣ. 1872ರಲ್ಲಿ ಕೆಲಸ ಶುರುವಾಯಿತು. ಅದಕ್ಕೂ ಮೊದಲು, 1871ರಲ್ಲಿ, ವಿರೋಧಿಗಳ ಮಾತಿಗೂ ಅವನು ಮನ್ನಣೆ ಕೊಟ್ಟಿದ್ದ. ‘ಆಕ್ಟಿವ್’ ಎಂಬ ನೌಕೆಯ ಪಕ್ಕಕ್ಕೆ 45 ಅಡಿಯ ತೊಲೆ ಚಾಚಿಸಿ, ಅದರ ತುದಿಗೆ ಹಗ್ಗ ಕಟ್ಟಿ, 172 ಅಡಿಯ ‘ಗ್ರೇಹೌಂಡ್’ ಎಂಬ ನಿಜವಾದ ಹಡಗನ್ನೇ ಸಮುದ್ರದಲ್ಲಿ ಎಳೆಸಿದ. ಎಳೆಯುವ ಹಡಗು ಕಲಕಿದ ನೀರು ಎಳೆಸಿಕೊಳ್ಳುವ ಹಡಗನ್ನು ತಾಕಬಾರದೆಂದೇ ಆ ತೊಲೆ. ಮಾದರಿ ಹೇಳಿದ ಲೆಕ್ಕಕ್ಕೂ ಸಮುದ್ರ ಹೇಳಿದ ಲೆಕ್ಕಕ್ಕೂ ತಾಳೆಯಾಯಿತು.

ಮೇಣವೇ ಏಕೆ? ಮರ ನೀರು ಕುಡಿದು ಉಬ್ಬುತ್ತದೆ, ಕೆತ್ತಲು ದಿನಗಟ್ಟಲೆ ಬೇಕು, ತಪ್ಪಾದರೆ ಮರ ದಂಡ. ಮೇಣ ನೀರು ಕುಡಿಯುವುದಿಲ್ಲ. ಮೂತಿ ಇನ್ನಷ್ಟು ದಪ್ಪವಿರಬೇಕು ಎನಿಸಿದರೆ ಮೆತ್ತಬಹುದು, ಸಣ್ಣದಾಗಬೇಕು ಎನಿಸಿದರೆ ಹೆರೆಯಬಹುದು. ಎರಕದಿಂದ ಎದ್ದ ಒರಟು ದೋಣಿಯನ್ನು ಬೋರಲು ಹಾಕಿ ಯಂತ್ರಕ್ಕೆ ಕೊಡುತ್ತಿದ್ದರು. ಕೆಲಸಗಾರ ನಕ್ಷೆಯ ಗೆರೆಯ ಮೇಲೆ ಮುಳ್ಳನ್ನು ಓಡಿಸಿದಂತೆ, ಎರಡು ಪಕ್ಕಗಳಲ್ಲಿ ಗಿರ್ರನೆ ತಿರುಗುವ ಎರಡು ಅಲಗುಗಳು ಅದೇ ಗೆರೆಯನ್ನು ಮೇಣದ ಮೇಲೆ ಕೊರೆಯುತ್ತಿದ್ದವು. ಒಂದು ಮಟ್ಟ ಮುಗಿದರೆ ಇನ್ನೊಂದು ಮಟ್ಟ. ಕೊನೆಗೆ ಒಡಲ ತುಂಬ ಮೆಟ್ಟಿಲು ಮೆಟ್ಟಿಲು. ಆ ಮೆಟ್ಟಿಲುಗಳ ಉಬ್ಬನ್ನು ಕೈಯಿಂದ ಹೆರೆಯುತ್ತ, ಕೊರೆದ ಗೆರೆಗಳ ತಳ ಕಾಣುವವರೆಗೆ ಹೋಗಿ ನಿಲ್ಲಿಸಬೇಕು. ಒಂದು ಹೆರೆತ ಹೆಚ್ಚಾದರೂ ಆಕಾರ ಕೆಟ್ಟಂತೆ. ಯಂತ್ರ ಎಷ್ಟೇ ನಿಖರವಾಗಿದ್ದರೂ ಕೊನೆಯ ಮೈ ಕೊಡುತ್ತಿದ್ದುದು ಅನುಭವಿಯ ಅಂಗೈ. ಪರೀಕ್ಷೆ ಮುಗಿದ ಮೇಲೆ ದೋಣಿ ಮತ್ತೆ ಕೊಪ್ಪರಿಗೆಗೆ. ನಿನ್ನೆಯ ಹಡಗಿನ ಮೇಣದಲ್ಲಿ ನಾಳೆಯ ಹಡಗು.

ಫ್ರೂಡ್ 1879ರಲ್ಲಿ ದಕ್ಷಿಣ ಆಫ್ರಿಕಾದ ಸೈಮನ್ಸ್‌ಟೌನ್‌ನಲ್ಲಿ ತೀರಿಕೊಂಡ. ಮಗ ರಾಬರ್ಟ್ ಎಡ್ಮಂಡ್ ಕೆಲಸ ಮುಂದುವರಿಸಿ, 1880ರ ದಶಕದಲ್ಲಿ ಅದನ್ನು ಗಾಸ್ಪೋರ್ಟ್ ಬಳಿಯ ಹ್ಯಾಸ್ಲರ್‌ಗೆ ಸಾಗಿಸಿದ. 1883ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಡೆನ್ನಿ ಎಂಬ ಹಡಗು ಕಂಪನಿ ತನ್ನದೇ ತೊಟ್ಟಿ ಕಟ್ಟಿಕೊಂಡಿತು. ಖಾಸಗಿ ಹಡಗುಕಟ್ಟೆಯೊಂದು ಇಂಥದ್ದಕ್ಕೆ ಕೈಹಾಕಿದ್ದು ಅದೇ ಮೊದಲು. ಅಟ್ಲಾಂಟಿಕ್ ದಾಟಿದಾಗ ಮಾತ್ರ ಮೇಣ ಕೈಕೊಟ್ಟಿತು. 19ನೇ ಶತಮಾನದ ಕೊನೆಯಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕ ನೌಕಾಪಡೆಯ ಡೇವಿಡ್ ಟೇಲರ್ ತೊಟ್ಟಿ ಕಟ್ಟಿಸಿದಾಗ, ಅಲ್ಲಿಯ ಬೇಸಿಗೆಗೆ ಮೇಣ ಮೆತ್ತಗಾಗುವುದೆಂದು ಇಪ್ಪತ್ತು ಅಡಿಯ ಮಾದರಿಗಳನ್ನು ಮರದಲ್ಲೇ ಮಾಡಿಸಬೇಕಾಯಿತು. ಹವೆಯೂ ಒಂದು ಕಸುಬಿನ ಕೈ ಹಿಡಿದು ನಡೆಸುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಜಲಾಂತರ್ಗಾಮಿಗೆ ಬಂದರೆ ಲೆಕ್ಕವೇ ತಿರುವುಮುರುವು. ಮೇಲ್ಮೈಯಲ್ಲಿ ಸಾಗುವ ಹಡಗಿನ ದೊಡ್ಡ ಶತ್ರು ಅದು ತಾನೇ ಎಬ್ಬಿಸುವ ಅಲೆ. ಆಳಕ್ಕೆ ಇಳಿದ ಮೇಲೆ ಎಬ್ಬಿಸಲು ಅಲೆಯೇ ಇಲ್ಲ. ಉಳಿಯುವುದು ಮೈಗೆ ಉಜ್ಜುವ ನೀರು ಮತ್ತು ಆಕಾರದಿಂದ ಬರುವ ತಡೆ. ಅಲೆ ಸೀಳುವ ಚೂಪು ಮೂತಿಗೆ ಅಲ್ಲಿ ಕೆಲಸವಿಲ್ಲ. ಮುಂದೆ ಗುಂಡಗೆ, ಹಿಂದೆ ಸಣ್ಣಗೆ ಇಳಿಯುವ ಮೀನಿನಂಥ ಮೈ ಬೇಕು. ಬ್ರಿಟಿಷರ ‘ಆರ್’ ವರ್ಗದ ಜಲಾಂತರ್ಗಾಮಿಗಳು 1918ರಲ್ಲೇ ಮೇಲ್ಮೈಗಿಂತ ನೀರೊಳಗೆ ಹೆಚ್ಚು ವೇಗವಾಗಿ ಓಡಿದ್ದವು. ಆ ಪಾಠ ಮರೆತೇ ಹೋಯಿತು. ಆಗಿನ ಜಲಾಂತರ್ಗಾಮಿಗಳು ಹೆಚ್ಚು ಹೊತ್ತು ಕಳೆಯುತ್ತಿದ್ದುದೇ ನೀರಿನ ಮೇಲೆ, ಮುಳುಗುತ್ತಿದ್ದುದು ಅಡಗಲು. ಎರಡನೇ ಮಹಾಯುದ್ಧದ ಅಮೆರಿಕದ ‘ಗಾಟೋ’ ವರ್ಗದ ಜಲಾಂತರ್ಗಾಮಿ ಮೇಲೆ 21 ನಾಟ್ ಓಡಿದರೆ ಮುಳುಗಿದಾಗ ಬರೀ 9.

ಯುದ್ಧ ಮುಗಿದ ಮೇಲೆ ಮತ್ತೆ ಮಾದರಿಗಳ ಬಳಿಗೇ ಹೋಗಬೇಕಾಯಿತು. ಡೇವಿಡ್ ಟೇಲರ್ ಹೆಸರಿನ ಹೊಸ ಪ್ರಯೋಗಾಲಯದಲ್ಲಿ ಮಾರ್ಟನ್ ಗರ್ಟ್ಲರ್, ಗಣಿತದ ಒಂದೇ ಸೂತ್ರಕುಟುಂಬದಿಂದ ಹುಟ್ಟಿದ 24 ದುಂಡು ಒಡಲುಗಳನ್ನು ನೀರಿನಲ್ಲಿ ಎಳೆಸಿ ನೋಡಿದ. ಕೆಲವು ಗಿಡ್ಡ ದಪ್ಪ, ಕೆಲವು ನೀಳ ಸಪೂರ. 1950ರಲ್ಲಿ ಹೊರಬಂದ ಈ ‘ಸೀರೀಸ್ 58’ ಫಲಿತಾಂಶಗಳ ಬೆನ್ನಿಗೇ ‘ಆಲ್ಬಕೋರ್’ ಎಂಬ ಪ್ರಯೋಗ ನೌಕೆ ರೂಪುಗೊಂಡಿತು. ಅದರ ಐದನೆಯ ಒಂದು ಪಾಲು ಗಾತ್ರದ ಮಾದರಿಯನ್ನು ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ ವಿಮಾನಗಳಿಗೆಂದು ಕಟ್ಟಿದ್ದ 30 ಅಡಿ ಎತ್ತರ, 60 ಅಡಿ ಅಗಲದ ಗಾಳಿಸುರಂಗಕ್ಕೆ ಒಯ್ದು ಪರೀಕ್ಷಿಸಿದರು. ಜಲಾಂತರ್ಗಾಮಿಗೆ ಗಾಳಿಯಲ್ಲಿ ಪರೀಕ್ಷೆ! ನೀರಿನ ಮೇಲ್ಮೈಯ ಕಾಟವೇ ಇಲ್ಲದ ಮೇಲೆ ಗಾಳಿಯಾದರೇನು, ನೀರಾದರೇನು. ಎರಡೂ ಮೈಯನ್ನು ಸವರಿಕೊಂಡು ಹರಿಯುವ ರೀತಿ ಒಂದೇ. ಅಲೆಯನ್ನೂ ಘರ್ಷಣೆಯನ್ನೂ ಬೇರ್ಪಡಿಸಿ ಲೆಕ್ಕ ಇಟ್ಟ ಫ್ರೂಡ್‌ನ ಹಲಗೆಗಳು ಇಲ್ಲಿ ನೆನಪಾಗಬೇಕು. 1953ರಲ್ಲಿ ನೀರಿಗಿಳಿದ ಆಲ್ಬಕೋರ್ 204 ಅಡಿ ಉದ್ದ, 27 ಅಡಿ ಅಗಲ. ಅನೇಕ ಮಾರ್ಪಾಟುಗಳ ನಂತರ ಅದು ನೀರೊಳಗೆ 33 ನಾಟ್ ಮುಟ್ಟಿತು.

ಆ ಮೈಕಟ್ಟಿಗೆ ಪರಮಾಣು ಎಂಜಿನ್ ಕೂಡಿದಾಗ ‘ಸ್ಕಿಪ್‌ಜಾಕ್’ ವರ್ಗ ಬಂತು. ಆ ವರ್ಗದ ಒಂದು ನೌಕೆಯನ್ನು ಕಟ್ಟುತ್ತಿರುವಾಗಲೇ ನಡುವೆ ಕತ್ತರಿಸಿ, 130 ಅಡಿಯ ಕ್ಷಿಪಣಿ ಭಾಗವನ್ನು ಸೇರಿಸಿದ್ದೇ ‘ಜಾರ್ಜ್ ವಾಷಿಂಗ್ಟನ್’. 1961ರಲ್ಲಿ ರೆವೆಲ್ ಎಂಬ ಆಟಿಕೆ ಕಂಪನಿ ಇದರ ಪ್ಲಾಸ್ಟಿಕ್ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಉಕ್ಕಿನ ಅಚ್ಚಿನಿಂದ ಬಂದ ಬಿಡಿಭಾಗಗಳು, ಒಳಗಿನ ಕೋಣೆಗಳೂ ಕಾಣುವಂತೆ. ಬೆಲೆ 2.98 ಡಾಲರ್. ಪರಮಾಣು ನೌಕಾಪಡೆಯ ಹಿರಿಯ ರಿಕೋವರ್ ಸಿಟ್ಟಾದ. ದಶಲಕ್ಷಗಟ್ಟಲೆ ಡಾಲರ್ ಬೆಲೆಯ ಗುಟ್ಟನ್ನು ಮೂರು ಡಾಲರಿಗೂ ಕಡಿಮೆಗೆ ಸೋವಿಯತ್ತರ ಕೈಗೆ ಕೊಟ್ಟಂತಾಯಿತು ಎಂಬುದು ಅವನ ದೂರು. ಆಟಿಕೆಯ ಅಚ್ಚೊಂದು ದೇಶದ ರಕ್ಷಣೆಯ ಪ್ರಶ್ನೆಯಾದದ್ದು ಮಾದರಿಗಳ ಚರಿತ್ರೆಯಲ್ಲಿ ಅಪರೂಪದ ಘಟನೆ.

ನೀರಿನಲ್ಲಿ ನಿಜಕ್ಕೂ ಮುಳುಗಿ ಏಳುವ ಮಾದರಿ ಬೇಕೆಂದವರಿಗೆ ಅಂಗಡಿಯ ತೆಳು ಪ್ಲಾಸ್ಟಿಕ್ ಸಾಲಲಿಲ್ಲ. ಯುದ್ಧದ ನಂತರ ದೋಣಿ ಕಟ್ಟುವವರ ಕೈಗೆ ಬಂದಿದ್ದ ಫೈಬರ್‌ಗ್ಲಾಸ್ ಮತ್ತು ರೆಸಿನ್ ಅವರಿಗೂ ಒದಗಿತು. ಅವರ ಕ್ರಮ ಫ್ರೂಡ್‌ನ ಕ್ರಮದ ಇನ್ನೊಂದು ಮಗ್ಗುಲು. ಮೊದಲು ಮರದಲ್ಲಿ ಮೂಲ ಒಡಲು. ಆಲ್ಬಕೋರ್‌ನಂಥ ದುಂಡು ಮೈಯಾದರೆ ಲೇತ್ ಮೇಲೇ ತಿರುವಬಹುದು. ನಲವತ್ತೆಂಟನೆಯ ಒಂದು ಪಾಲಿಗೆ ಇಳಿಸಿದರೆ ನಾಲ್ಕೂಕಾಲು ಅಡಿ ಉದ್ದ. ಅದಕ್ಕೆ ಬಣ್ಣ ಹೊಡೆದು, ಉಜ್ಜು ಕಾಗದದಿಂದ ತಿಕ್ಕಿ, ಮತ್ತೆ ಬಣ್ಣ, ಮತ್ತೆ ತಿಕ್ಕು. ಮೂಲದ ಮೇಲಿನ ಒಂದು ಗೀರು ಅಚ್ಚಿಗೆ ಇಳಿಯುತ್ತದೆ, ಅಚ್ಚಿನಿಂದ ಪ್ರತಿಯೊಂದು ಒಡಲಿಗೂ ಇಳಿಯುತ್ತದೆ.

ದುಂಡು ಒಡಲನ್ನು ಒಂದೇ ಅಚ್ಚಿನಲ್ಲಿ ತೆಗೆದರೆ ಹೊರಗೆ ಬಾರದು. ಹಾಗಾಗಿ ಅಚ್ಚು ಎರಡು ಹೋಳು. ಮೂಲವನ್ನು ಅರ್ಧದವರೆಗೆ ಹಲಗೆಯಲ್ಲಿ ಕೂರಿಸಿ, ಸುತ್ತಲಿನ ಸಂದನ್ನು ಮೆತುಮಣ್ಣಿನಿಂದ ಮುಚ್ಚುತ್ತಾರೆ. ಆ ಸೇರುವೆ ಚೂರೂ ಉಬ್ಬುತಗ್ಗಿಲ್ಲದೆ, ಮೈಗೆ ನೇರ ಕೋನದಲ್ಲಿ ಕೂತರಷ್ಟೇ ಎರಡು ಹೋಳು ಮುಂದೆ ಕೂಡುತ್ತವೆ. ಮೇಲೆ ಪದರ ಪದರವಾಗಿ ಮೇಣ ಬಳಿದು ಹೊಳಪು ಬರುವಂತೆ ಉಜ್ಜಬೇಕು, ಇಲ್ಲವಾದರೆ ರೆಸಿನ್ ಮೂಲವನ್ನೇ ಕಚ್ಚಿ ಹಿಡಿದು ತಿಂಗಳುಗಳ ಕೆಲಸ ಮಣ್ಣುಪಾಲು. ಆಮೇಲೆ ಜೆಲ್‌ಕೋಟ್ ಎಂಬ ನುಣುಪು ರೆಸಿನ್ ಪದರ, ಅದರ ಮೇಲೆ ರೆಸಿನ್ನಿನಲ್ಲಿ ನೆನೆಸಿದ ಗಾಜಿನ ನಾರಿನ ಹಾಸು. ಗಾಳಿಯ ಗುಳ್ಳೆ ಉಳಿಯದಂತೆ ಕುಂಚದಿಂದ ಕುಟ್ಟಿ ಕುಟ್ಟಿ ಒತ್ತಬೇಕು. ಗಟ್ಟಿಯಾದ ಮೇಲೆ ತಿರುವಿ ಹಾಕಿ ಇನ್ನೊಂದು ಹೋಳು. ಬಿಡಿಸುವ ಹೊತ್ತಿಗೆ ಅಂಚಿನಲ್ಲಿ ಮರದ ಬೆಣೆ ಹೊಡೆದು, ಸಂದಿಗೆ ನೀರು ಬಿಟ್ಟರೆ, ಪಟ್ ಎಂಬ ಸದ್ದಿನೊಂದಿಗೆ ಅಚ್ಚು ಕಳಚಿಕೊಳ್ಳುತ್ತದೆ. ಫ್ರೂಡ್‌ನ ಕಾಲದಲ್ಲಿ ತಾನೇ ಹಡಗಾಗಿದ್ದ ಮೇಣ ಈಗ ಎರಡು ಮೈಗಳನ್ನು ಬೇರ್ಪಡಿಸುವ ತೆಳು ಪೊರೆ.

ನಮ್ಮ ದೇಶದಲ್ಲೂ ಒಡಲುಗಳ ಪರೀಕ್ಷೆ ನಡೆಯುತ್ತದೆ. ವಿಶಾಖಪಟ್ಟಣದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ ನೌಕಾ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ತೊಟ್ಟಿಯಿದೆ. ಟಾರ್ಕೀಯ ತೊಟ್ಟಿಯ ಸುಮಾರು ಆರು ಪಟ್ಟು.

ಟಾರ್ಕೀಯ ಮೇಣದ ಹಡಗುಗಳು ಹೆಚ್ಚಾಗಿ ಒಂದರೊಳಗೊಂದು ಕರಗಿ ಹೋದವು. ಒಡಲು ಕೊರೆಯುತ್ತಿದ್ದ ಫ್ರೂಡ್‌ನ ಯಂತ್ರ ಲಂಡನ್ನಿನ ವಿಜ್ಞಾನ ಸಂಗ್ರಹಾಲಯ ಸೇರಿತು. ಆಲ್ಬಕೋರ್ ಅಮೆರಿಕದ ಪೋರ್ಟ್ಸ್‌ಮತ್‌ನಲ್ಲಿ ನೆಲದ ಮೇಲೆ ನಿಂತಿದೆ, ಜನ ಅದರ ಹೊಟ್ಟೆಯೊಳಗೆ ನಡೆದು ನೋಡುತ್ತಾರೆ. ಡಂಬಾರ್ಟನ್‌ನ ಡೆನ್ನಿ ಕಂಪನಿ ಮುಚ್ಚಿ ಎಷ್ಟೋ ಕಾಲವಾದರೂ ಅದರ ತೊಟ್ಟಿಯಲ್ಲಿ ಇನ್ನೂ ನೀರಿದೆ, ಸ್ಕಾಟ್ಲೆಂಡಿನ ನೌಕಾ ಸಂಗ್ರಹಾಲಯ ಅದನ್ನು ಉಳಿಸಿಕೊಂಡಿದೆ. ಕಟ್ಟಡದ ಒಂದು ಪಕ್ಕದಲ್ಲಿ, ಮೇಣದ ಒಡಲುಗಳಿಗೆ ಅಚ್ಚು ತೆಗೆಯುತ್ತಿದ್ದ ಮಣ್ಣಿನ ತೊಟ್ಟಿಗಳೂ ಇವೆ.