ಸೂಜಿಗಲ್ಲಿನ ಭಯವೂ ತೆಂಗಿನ ನಾರೂ

ಹವ್ಯಾಸಕ್ಕೆಂದು ಮನೆಯಲ್ಲೇ ಮರದ ದೋಣಿ ಕಟ್ಟುವವರು ಈಗ ಅದರ ಮುಚ್ಚಳವನ್ನು ಅಯಸ್ಕಾಂತದಿಂದ ಬಿಗಿಯುವುದುಂಟು. ಹಿಂದೆ ಇದೇ ಸೂಜಿಗಲ್ಲು ಹಡಗನ್ನೇ ಬಿಚ್ಚಿಹಾಕುತ್ತದೆಂಬ ಭಯವಿತ್ತು. 11ನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಗ್ರಂಥ, ಕಡಲ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಕೂಡದು, ನೀರಿನೊಳಗಿನ ಸೂಜಿಗಲ್ಲಿನ ಬಂಡೆಗಳು ಸೆಳೆದಾವು ಎನ್ನುತ್ತದೆ.

ವಿನೋದವೆಂದರೆ, 6ನೆಯ ಶತಮಾನದಲ್ಲೇ ಪ್ರೊಕೋಪಿಯಸ್ ಎಂಬ ಇತಿಹಾಸಕಾರ ಈ ಕಥೆಯನ್ನು ಅಲ್ಲಗಳೆದಿದ್ದ. ಕೆಂಪು ಸಮುದ್ರದಲ್ಲಿ ಓಡಾಡುವ ರೋಮನರ ಹಡಗುಗಳಲ್ಲಿ ಬೇಕಾದಷ್ಟು ಕಬ್ಬಿಣವಿದೆ, ಅವಕ್ಕೇನೂ ಆಗಿಲ್ಲವಲ್ಲ ಎಂಬುದು ಅವನ ವಾದ. ಭಾರತೀಯರಿಗೆ ಕಬ್ಬಿಣವೇ ಸಿಗದು ಎಂದು ಅವನು ಕೊಟ್ಟ ಕಾರಣ ಮಾತ್ರ ಶುದ್ಧ ತಪ್ಪು. ಉಕ್ಕಿಗೆ ಹೆಸರಾದ ದಖ್ಖನಿನಲ್ಲಿ ಕುಳಿತ ನಾವು ಅದನ್ನು ಹೇಗೆ ಒಪ್ಪೋಣ?

ನಿಜವಾದ ಕಾರಣ ದೋಣಿ ಕಟ್ಟುವವರಿಗೆ ಗೊತ್ತಿತ್ತು. 1340ರ ದಶಕದಲ್ಲಿ ನಮ್ಮ ಹೊನ್ನಾವರವನ್ನು ಕಂಡ ಇಬ್ನ್ ಬತೂತನೂ ಅದನ್ನು ಬರೆದಿಟ್ಟಿದ್ದಾನೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ. ಜೊತೆಗೆ, ನಾರಿಗೆ ತುಕ್ಕಿನ ಕಾಟವಿಲ್ಲ.

ಹೀಗೆ ಹೊಲಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದಕ್ಕೆ ಮಾದರಿ 5ನೆಯ ಶತಮಾನದ ಅಜಂತಾ ಚಿತ್ರ. ಅಜಂತಾ 1956ರವರೆಗೆ ಹೈದರಾಬಾದಿಗೇ ಸೇರಿತ್ತು. ಅಲ್ಲಿನ ಚಿತ್ರಗಳನ್ನು 1930ರಿಂದ ಸಂಪುಟಗಳಾಗಿ ಹೊರತಂದವರು ಇಲ್ಲಿನ ಪುರಾತತ್ತ್ವ ಇಲಾಖೆಯ ಗುಲಾಂ ಯಜ್ದಾನಿ. ಕೇರಳದ ಕುಶಲಿಗಳು ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿತು.