ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ: ಚಾರ್ಲಿ ಮರಿಯಾನೊ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಹುಟ್ಟಿದ್ದು ಬಾಸ್ಟನ್ ನಗರದಲ್ಲಿ, 1923ರ ನವೆಂಬರ್ 12ರಂದು. ಮನೆಯವರು ಇಟ್ಟ ಹೆಸರು ಕಾರ್ಮಿನೆ ಉಗೊ ಮರಿಯಾನೊ. ತಂದೆತಾಯಿ ಇಟಲಿಯಿಂದ ವಲಸೆ ಬಂದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮರಿಯಾನೊ ಸೇನೆ ಸೇರಿ ಅಲ್ಲಿನ ವಾದ್ಯವೃಂದದಲ್ಲಿ ನುಡಿಸಿದರು. ಚಾರ್ಲಿ ಪಾರ್ಕರ್ ಅವರ ಆಲ್ಟೊ ಸ್ಯಾಕ್ಸೊಫೋನನ್ನು ಎದುರಿಗೆ ಕುಳಿತು ಕೇಳಿದ್ದು ಆ ದಿನಗಳಲ್ಲೇ. ಆ ತಲೆಮಾರಿನ ಆಲ್ಟೊ ವಾದಕರಲ್ಲಿ ಪಾರ್ಕರ್ ಗುಂಗಿಗೆ ಬೀಳದವರು ವಿರಳ. ಮರಿಯಾನೊ ಅದರಿಂದ ಹೊರಬರಲು ಎರಡು ದಶಕ ಹಿಡಿಯಿತು.

ಯುದ್ಧ ಮುಗಿದ ಮೇಲೆ ಅವರು ಬಾಸ್ಟನ್ನಿನ ಶಿಲಿಂಗರ್ ಹೌಸ್‌ನಲ್ಲಿ ಕಲಿತರು. ಮುಂದೆ ಬರ್ಕ್ಲಿ ಕಾಲೇಜ್ ಎಂದು ಹೆಸರಾದ ಸಂಗೀತ ಶಾಲೆ ಇದೇ. 1953ರಲ್ಲಿ ಹರ್ಬ್ ಪೊಮೆರಾಯ್ ಮೊದಲಾದ ಗೆಳೆಯರೊಂದಿಗೆ ಸೇರಿ ಬಾಸ್ಟನ್ನಿನಲ್ಲಿ ಜಾಝ್ ವರ್ಕ್‌ಶಾಪ್ ತೆರೆದರು. ಅದೇ ವರ್ಷ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದ ಸೇರಿ ದೇಶವಿಡೀ ಸುತ್ತಿದರು. ಬಳಿಕ ಲಾಸ್ ಏಂಜಲಿಸ್‌ನಲ್ಲಿ ಡ್ರಮ್ಮರ್ ಶೆಲ್ಲಿ ಮ್ಯಾನ್ ಅವರ ತಂಡ. 1959ರಲ್ಲಿ ಜಪಾನಿನ ಪಿಯಾನೊ ವಾದಕಿ ತೋಶಿಕೊ ಅಕಿಯೋಶಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಕಟ್ಟಿದ ಚತುಷ್ಟಯ ಅಮೆರಿಕ, ಜಪಾನ್ ಎರಡೂ ಕಡೆ ನುಡಿಸಿತು. 1967ರ ಹೊತ್ತಿಗೆ ದಾಂಪತ್ಯ ಮುರಿಯಿತು. ಅವರ ಮಗಳು ಮಂಡೇ ಮಿಚಿರು ಮುಂದೆ ಗಾಯಕಿಯಾದರು.

ಅಮೆರಿಕದ ಜಾಝ್ ಚರಿತ್ರೆಯಲ್ಲಿ ಮರಿಯಾನೊ ಹೆಸರು ಅಳಿಯದಂತೆ ಮಾಡಿದ್ದು ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಆ್ಯಂಡ್ ದಿ ಸಿನ್ನರ್ ಲೇಡಿ’. 1963ರ ಜನವರಿ 20ರಂದು ಹನ್ನೊಂದು ಮಂದಿ ವಾದಕರು ಕೂಡಿ ಮಾಡಿದ ಧ್ವನಿಮುದ್ರಣ ಇದು. ಅದಾದ ಮೇಲೆ ಮಿಂಗಸ್ ಮರಿಯಾನೊ ಅವರ ಆಲ್ಟೊ ವಾದನವನ್ನು ಬೇರೆಯಾಗಿ ಮುದ್ರಿಸಿಕೊಂಡು ಇಡೀ ತಂಡದ ನಾದದ ಮೇಲೆ ಕೂರಿಸಿದರು. ಬಿಕ್ಕುವಂತೆ, ಅಂಗಲಾಚುವಂತೆ ಕೇಳುವ ಆ ವಾದನದಲ್ಲಿ ಪಾರ್ಕರ್ ನೆರಳು ಬಹುಮಟ್ಟಿಗೆ ಸರಿದಿದೆ. ಮರಿಯಾನೊ ಹೆಸರನ್ನೇ ಕೇಳದ ಎಷ್ಟೋ ಜಾಝ್ ರಸಿಕರಿಗೂ ಈ ನಾದದ ಪರಿಚಯವಿರುತ್ತದೆ.

ಬೇರೊಬ್ಬರಾಗಿದ್ದರೆ ಇದನ್ನೇ ಶಿಖರವೆಂದುಕೊಂಡು ಉಳಿದ ಬದುಕನ್ನು ಬರ್ಕ್ಲಿಯ ಮೇಷ್ಟರಾಗಿ ಕಳೆಯುತ್ತಿದ್ದರೇನೋ. 1965ರಿಂದ 1971ರವರೆಗೆ ಅವರು ಅಲ್ಲಿ ಪಾಠ ಹೇಳಿದ್ದೂ ನಿಜ. ಆದರೆ ನಡುವೆ ಒಂದು ಅಡ್ಡದಾರಿ ಸಿಕ್ಕಿತು. 1960ರ ದಶಕದ ಉತ್ತರಾರ್ಧದಲ್ಲಿ ಮಲೇಷ್ಯಾದ ರೇಡಿಯೊ ವಾದ್ಯವೃಂದದ ಕೆಲಸಕ್ಕೆಂದು ಕೌಲಾಲಂಪುರಕ್ಕೆ ಹೋದಾಗ ಅಲ್ಲಿನ ತಮಿಳರ ನಾಗಸ್ವರ ಕಿವಿಗೆ ಬಿತ್ತು. ನಲವತ್ತು ದಾಟಿದ್ದ, ಹೆಸರು ಮಾಡಿದ್ದ ವಾದಕ ಅಲ್ಲಿಯೇ ಗುರುವೊಬ್ಬರ ಬಳಿ ಮೊದಲ ಪಾಠದಿಂದ ಕಲಿಯತೊಡಗಿದರು. ಮುಂದೆ ಅದಕ್ಕಾಗಿಯೇ ದಕ್ಷಿಣ ಭಾರತಕ್ಕೂ ಬಂದರು.

ಸ್ಯಾಕ್ಸೊಫೋನ್ ಬಲ್ಲವರಿಗೆ ನಾಗಸ್ವರ ಸುಲಭವಾಗಿ ಒಲಿಯುವುದಿಲ್ಲ. ಸ್ಯಾಕ್ಸೊಫೋನಿನದು ಒಂದೇ ಪಟ್ಟಿಯ ಪೀಪಿ. ರಂಧ್ರಗಳನ್ನು ಮುಚ್ಚಿ ತೆರೆಯಲು ಲೋಹದ ಕೀಲಿಗಳಿವೆ. ನಾಗಸ್ವರದಲ್ಲಿ ಕೀಲಿಗಳಿಲ್ಲ. ತುಟಿಗಳ ನಡುವೆ ಜೋಡಿ ಪಟ್ಟಿಯ ಪೀಪಿ, ಕೊಳವೆಯ ಮೇಲೆ ಬೆರಳಾಡಿಸಲು ಏಳು ರಂಧ್ರ, ಅಷ್ಟೇ. ಗಮಕವನ್ನು ಬೆರಳು, ತುಟಿ, ಉಸಿರು ಮೂರೂ ಕೂಡಿಯೇ ಹುಟ್ಟಿಸಬೇಕು. ಜಾಝ್ ವಾದಕನ ಮನೋಧರ್ಮ ಸಾಮಾನ್ಯವಾಗಿ ಒಂದರಿಂದೊಂದಕ್ಕೆ ಹೊರಳುವ ಸ್ವರಮೇಳಗಳ ಮೇಲೆ ನಡೆಯುತ್ತದೆ. ರಾಗಕ್ಕೆ ಆ ಆಸರೆ ಇಲ್ಲ. ಕದಲದ ಶ್ರುತಿಯೊಂದನ್ನು ನಂಬಿ ಸ್ವರದೊಳಗೇ ಇಳಿಯಬೇಕು. ಮರಿಯಾನೊ ಕಲಿತದ್ದೆಷ್ಟೋ, ಮರೆಯಬೇಕಾದದ್ದೂ ಅಷ್ಟೇ ಇತ್ತು.

1971ರಲ್ಲಿ ಅವರು ಅಮೆರಿಕ ಬಿಟ್ಟು ಯುರೋಪಿಗೆ ಹೋದರು. ಜರ್ಮನಿಯ ಎಂಬ್ರಿಯೊ ತಂಡ, ಪೋರ್ಕ್ ಪೈ, ಯುನೈಟೆಡ್ ಜಾಝ್ ಆ್ಯಂಡ್ ರಾಕ್ ಎನ್ಸೆಂಬಲ್, ಹೀಗೆ ಅವರು ನುಡಿಸಿದ ತಂಡಗಳ ಸಾಲೇ ಇದೆ. ಬಾಸ್ ವಾದಕ ಎಬರ್‌ಹಾರ್ಡ್ ವೇಬರ್ ಅವರ ‘ಯೆಲ್ಲೊ ಫೀಲ್ಡ್ಸ್’ (1975) ಆಲ್ಬಮ್ಮಿನಲ್ಲಿ ಸೊಪ್ರಾನೊ ಸ್ಯಾಕ್ಸೊಫೋನಿನ ಜೊತೆಗೆ ನಾಗಸ್ವರ, ಶಹನಾಯಿಗಳೂ ಕೇಳುತ್ತವೆ.

ಬೆಂಗಳೂರಿನ ನಂಟು ಕೂಡಿಬಂದದ್ದು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಮೂಲಕ. 1964ರಲ್ಲಿ ಆರಂಭವಾದ ಈ ಲಯವಾದ್ಯ ಶಾಲೆಯನ್ನು ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ನಡೆಸುತ್ತಿದ್ದರು, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ. 1983ರಲ್ಲಿ ಇಸಿಎಂ ಧ್ವನಿಮುದ್ರಣ ಸಂಸ್ಥೆಗಾಗಿ ಮರಿಯಾನೊ ಇವರೊಂದಿಗೆ ಮುದ್ರಿಸಿದ ‘ಜ್ಯೋತಿ’ ಆಲ್ಬಮ್ಮಿನಲ್ಲಿ ಪಿಯಾನೊ, ಡ್ರಮ್ಸ್, ಬಾಸ್ ಯಾವುವೂ ಇಲ್ಲ. ರಮಾಮಣಿಯವರ ಹಾಡುಗಾರಿಕೆ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ನಡುನಡುವೆ ಕೊನ್ನಕೋಲು. ಮರಿಯಾನೊ ಇಲ್ಲಿ ಕೈಗೆತ್ತಿಕೊಂಡದ್ದು ಸ್ಯಾಕ್ಸೊಫೋನ್ ಮತ್ತು ಕೊಳಲು. ನಾಗಸ್ವರದಲ್ಲಿ ಪಳಗಿದ ತುಟಿ, ಉಸಿರುಗಳ ಫಲ ಸ್ಯಾಕ್ಸೊಫೋನಿನಲ್ಲಿ ಕಾಣುವುದು ಇಲ್ಲಿಯೇ: ರಮಾಮಣಿಯವರ ದನಿಯ ಹಿಂದೆ ಸ್ವರಗಳು ಜಾರುತ್ತ, ತೂಗುತ್ತ ಬರುತ್ತವೆ. ಜಾಝ್‌ಗೆ ಭಾರತದ ಒಗ್ಗರಣೆ ಹಾಕಿದ ಆ ಕಾಲದ ಎಷ್ಟೋ ಧ್ವನಿಮುದ್ರಣಗಳು ಇಂದು ಹಳಸಲಾಗಿ ಕೇಳುತ್ತವೆ. ‘ಜ್ಯೋತಿ’ ಹಾಗಾಗಿಲ್ಲ.

ಇದೇ ಹಾದಿಯಲ್ಲಿ ಎದುರು ದಿಕ್ಕಿನಿಂದ ಬಂದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು.

1986ರಿಂದ ಮರಿಯಾನೊ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. 1995ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ತಿಳಿದ ಮೇಲೂ ಕಛೇರಿಗಳನ್ನು ಬಿಡಲಿಲ್ಲ. ಪೋರ್ಕ್ ಪೈ ದಿನಗಳ ಗೆಳೆಯರಾದ ಯಾಸ್ಪರ್ ಫಾನ್ ಟ್ ಹಾಫ್, ಫಿಲಿಪ್ ಕ್ಯಾಥರೀನ್ ಜೊತೆ 2008ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನುಡಿಸಿದ ಕಛೇರಿ ಆಲ್ಬಮ್ಮಾಗಿ ಬಂದಿದೆ. 2009ರ ಜೂನ್ 16ರಂದು ಕಲೋನ್‌ನಲ್ಲಿ ತಮ್ಮ 85ನೇ ವಯಸ್ಸಿನಲ್ಲಿ ತೀರಿಕೊಂಡರು.